ಜಾಲತಾಣಕ್ಕೆ ಗ್ರಾಹಕರ ಪರೀಕ್ಷೆ: ಸಣ್ಣ ಉದ್ದಿಮೆಗೂ ಎಟಕುವ ವಿಧಾನ

ಕುಮಟಾ ಸಮೀಪದ ಹೊಳನಗದ್ದೆಯಿಂದ ಹೊನ್ನಾವರ, ಭಟ್ಕಳದವರೆಗಿನ ಕರಾವಳಿಯ ಸಣ್ಣ ಉತ್ಪಾದಕರಿಗೆ ಇಂದು ಮಾರುಕಟ್ಟೆಯೆಂದರೆ ಊರ ಪೇಟೆ ಮಾತ್ರವಲ್ಲ. ಗೇರುಬೀಜ, ಮುರುಗಲು, ಉಪ್ಪಿನಕಾಯಿಗಳಂತಹ ಸರಕನ್ನು ಜಾಲತಾಣದ ಮೂಲಕ ಬೆಂಗಳೂರು, ಮುಂಬಯಿಯ ಮನೆಗಳಿಗೆ ನೇರವಾಗಿ ಕಳುಹಿಸಬಹುದಾಗಿದೆ. ಆದರೆ ಅಂಗಡಿಗೂ ಜಾಲತಾಣಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂಗಡಿಗೆ ಬಂದ ಗಿರಾಕಿಯ ಗೊಂದಲ ಮುಖದಲ್ಲಿ ಕಾಣುತ್ತದೆ. ವರ್ತಕನು ಒಂದು ಮಾತಿನಲ್ಲಿ ಅದನ್ನು ಪರಿಹರಿಸುತ್ತಾನೆ. ಜಾಲತಾಣದಲ್ಲಿ ಗೊಂದಲಗೊಂಡವನು ಸದ್ದಿಲ್ಲದೆ ಹೊರಟುಹೋಗುತ್ತಾನೆ. ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಇದನ್ನು ಪತ್ತೆಹಚ್ಚುವ ಕ್ರಮವೇ ‘ಯೂಸಬಿಲಿಟಿ ಟೆಸ್ಟಿಂಗ್’, ಅಂದರೆ ಬಳಕೆ ಪರೀಕ್ಷೆ.

ಅಭಿಪ್ರಾಯವಲ್ಲ, ವರ್ತನೆ

“ನಮ್ಮ ಜಾಲತಾಣ ಹೇಗಿದೆ?” ಎಂದು ಕೇಳಿದರೆ ಪರಿಚಿತರು ದಾಕ್ಷಿಣ್ಯಕ್ಕಾದರೂ “ಚೆನ್ನಾಗಿದೆ” ಎನ್ನುತ್ತಾರೆ. ಬಳಕೆ ಪರೀಕ್ಷೆಯಲ್ಲಿ ಅಭಿಪ್ರಾಯವನ್ನು ಕೇಳುವುದಿಲ್ಲ. ಒಂದು ಕೆಲಸವನ್ನು ಕೊಟ್ಟು, ಅದನ್ನು ಅವರು ಹೇಗೆ ಮಾಡುತ್ತಾರೆಂಬುದನ್ನು ಮೌನವಾಗಿ ಗಮನಿಸಲಾಗುತ್ತದೆ.

ಇದರ ಪ್ರಯೋಜನಕ್ಕೆ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯ ಇಂದ್ರಾಣಿ ಮೇಧಿ ಮತ್ತು ಸಹೋದ್ಯೋಗಿಗಳು, ಓದು ಬಾರದ ಮನೆಗೆಲಸದ ಮಹಿಳೆಯರು ಉದ್ಯೋಗ ಹುಡುಕಲು ನೆರವಾಗುವ, ಅಕ್ಷರಗಳಿಲ್ಲದ ಕಂಪ್ಯೂಟರ್ ಪರದೆಯೊಂದನ್ನು ರೂಪಿಸಿ 2006ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಕೊಳೆಗೇರಿಗಳ ನಿವಾಸಿಗಳ ನಡುವೆ ಪರೀಕ್ಷೆ ನಡೆಸಿದಾಗ, ಪಾತ್ರೆಗಳ ಚಿತ್ರವನ್ನು ಕಂಡವರು ಅದನ್ನು ಕೆಲಸವೆಂದು ತಿಳಿಯದೆ ಅಡುಗೆಮನೆಯೆಂಬ ಸ್ಥಳವೆಂದು ಭಾವಿಸಿದರು. ನಲ್ಲಿಯಿಂದ ನೀರು ಸುರಿಯುವಂತೆ, ಪಾತ್ರೆಯಿಂದ ಹಬೆ ಏಳುವಂತೆ ಚಿತ್ರವನ್ನು ತಿದ್ದಿದ ಮೇಲೆ ಅದು ಕೆಲಸದ ಸೂಚನೆಯೆಂದು ತಿಳಿಯಿತು. ಪರಿಣತರಿಗೂ ಮೊದಲೇ ಹೊಳೆಯದ ದೋಷವನ್ನು ಬಳಸುವವರೇ ತೋರಿಸಿಕೊಟ್ಟರು.

ಐವರು ಸಾಕು

ಇಂತಹ ಪರೀಕ್ಷೆಗೆ ನೂರಾರು ಜನ ಬೇಕಿಲ್ಲ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಪ್ರಕಟಿಸಿದ ಲೆಕ್ಕಾಚಾರವನ್ನು ಆಧರಿಸಿ, ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ದೋಷಗಳು ಹೊರಬಿದ್ದರೆ ಐವರಿಂದ ಸುಮಾರು ಶೇ. 85ರಷ್ಟು ಹೊರಬೀಳುತ್ತವೆ ಎಂದು ನೀಲ್ಸನ್ 2000ದಲ್ಲಿ ವಿವರಿಸಿದರು. ಆದುದರಿಂದ ಹದಿನೈದು ಜನರನ್ನು ಒಮ್ಮೆಗೇ ಕರೆಯುವುದಕ್ಕಿಂತ, ಐವರಂತೆ ಮೂರು ಸಲ ಪರೀಕ್ಷಿಸಿ, ನಡುನಡುವೆ ದೋಷಗಳನ್ನು ತಿದ್ದುವುದು ಲೇಸು. ಮನೆಬಳಕೆಯ ಗ್ರಾಹಕರು ಮತ್ತು ಸಗಟು ಖರೀದಿದಾರರು ಬೇರೆ ಬೇರೆ ವರ್ಗದವರಾದ್ದರಿಂದ ಪ್ರತಿ ವರ್ಗಕ್ಕೂ ಪ್ರತ್ಯೇಕ ಪರೀಕ್ಷೆ ಅಗತ್ಯ.

ವೇದಿಕೆಗಳ ಕಾರ್ಯವಿಧಾನ

ಈ ಕಾರ್ಯಕ್ಕೆಂದೇ ಅಂತರ್ಜಾಲ ವೇದಿಕೆಗಳಿವೆ. 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಯೂಸರ್‌ಟೆಸ್ಟಿಂಗ್ ಇವುಗಳಲ್ಲಿ ಪ್ರಮುಖವಾದುದು. ಉದ್ದಿಮೆಯು ಯಾವ ವಯಸ್ಸಿನ, ಯಾವ ಪ್ರದೇಶದ ಗ್ರಾಹಕರು ಬೇಕೆಂದು ಸೂಚಿಸಿ, ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ನೀಡುತ್ತದೆ. ವೇದಿಕೆಯಲ್ಲಿ ನೋಂದಾಯಿಸಿಕೊಂಡವರು ಆ ಕೆಲಸಗಳನ್ನು ಮಾಡುತ್ತ ತಮಗೆ ಅನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಅವರ ಮಾತು ಮತ್ತು ಪರದೆಯ ಚಲನೆ ಎರಡೂ ಧ್ವನಿಮುದ್ರಿತ ವಿಡಿಯೋ ರೂಪದಲ್ಲಿ ಉದ್ದಿಮೆಗೆ ದೊರೆಯುತ್ತವೆ.

ಆದರೆ ಇಂತಹ ವೇದಿಕೆಯ ಶುಲ್ಕ ಸಣ್ಣ ಉದ್ದಿಮೆಗೆ ಭಾರವಾಗಬಹುದು. ಕನ್ನಡದಲ್ಲಿ ವ್ಯವಹರಿಸುವ ಗ್ರಾಹಕರು ಅಲ್ಲಿ ಸಿಗದಿರಬಹುದು. ಅಂತಹವರು ತಮ್ಮ ಹಳೆಯ ಗಿರಾಕಿಗಳಲ್ಲಿ ಐವರನ್ನು ಆರಿಸಿ, ಗೂಗಲ್ ಮೀಟ್‌ನಂತಹ ವಿಡಿಯೋ ಕರೆಯಲ್ಲಿ ಅವರ ಮೊಬೈಲ್ ಪರದೆಯನ್ನು ಹಂಚಿಕೊಳ್ಳಲು ಕೋರಬಹುದು. ಉಚಿತವಾಗಿ ದೊರೆಯುವ ಮೈಕ್ರೋಸಾಫ್ಟ್ ಕ್ಲಾರಿಟಿಯನ್ನು ಜಾಲತಾಣಕ್ಕೆ ಜೋಡಿಸಿದರೆ ಗ್ರಾಹಕರು ಯಾವ ಪುಟದಲ್ಲಿ ನಿಂತರೆಂಬುದು ತಿಳಿಯುತ್ತದೆ. ಏಕೆ ನಿಂತರೆಂಬುದನ್ನು ಮಾತ್ರ ಗ್ರಾಹಕರಿಂದಲೇ ತಿಳಿಯಬೇಕು.

ಪರೀಕ್ಷಿಸಬೇಕಾದ ಅಂಶಗಳು

ಮೊದಲನೆಯದಾಗಿ, ವ್ಯಾಪಾರದ ಪರಿಭಾಷೆ. ಗೇರುಬೀಜದ ದರ್ಜೆಗಳಾದ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂಬವು ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ತೂಕಕ್ಕೆ ಬರುವ ತಿರುಳುಗಳ ಸಂಖ್ಯೆಯನ್ನು ಸೂಚಿಸುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಬೀಜ ದಪ್ಪ. ವರ್ತಕರಿಗೆ ಇದು ಕರತಲಾಮಲಕ. ಆದರೆ ಗೃಹಿಣಿಯು 320ನ್ನೇ ದೊಡ್ಡ ಬೀಜವೆಂದು ತಿಳಿದು ತರಿಸಿಕೊಂಡರೆ ಸರಕು ಹಿಂದಿರುಗಿ ಬರುವುದು ಮಾತ್ರವಲ್ಲ, ವಿಶ್ವಾಸವೂ ಕೆಡುತ್ತದೆ.

ಎರಡನೆಯದಾಗಿ, ಸರಕಿನ ಹೆಸರು. ಉತ್ತರ ಕನ್ನಡದ ಮುರುಗಲು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಮುಂಬಯಿಯಲ್ಲಿ ಕೋಕಂ. ಹುಡುಕುವ ಪೆಟ್ಟಿಗೆಯಲ್ಲಿ ಒಂದೇ ಹೆಸರಿಗೆ ಉತ್ತರ ದೊರೆಯುವಂತಿದ್ದರೆ ಉಳಿದವರ ಪಾಲಿಗೆ ಸರಕೇ ಇಲ್ಲದಂತಾಗುತ್ತದೆ.

ಮೂರನೆಯದಾಗಿ, ಒಟ್ಟು ಬೆಲೆ. ಸಾಗಣೆ ವೆಚ್ಚವು ಕಡೆಯ ಪುಟದಲ್ಲಷ್ಟೇ ಕಾಣಿಸಿದಾಗ ಗ್ರಾಹಕರು ಏನು ಮಾಡುತ್ತಾರೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಪಾಲಿಸಬೇಕಾದ ಎಚ್ಚರಿಕೆಗಳು

“ಕೆಂಪು ಗುಂಡಿಯನ್ನು ಒತ್ತಿ” ಎನ್ನಬಾರದು. “ಬೆಂಗಳೂರಿನ ನೆಂಟರ ಮನೆಗೆ ಅರ್ಧ ಕಿಲೋ ಗೇರುಬೀಜ ಕಳುಹಿಸಿ” ಎನ್ನಬೇಕು. ಅವರು ತಡವರಿಸಿದೊಡನೆ ನೆರವಿಗೆ ಧಾವಿಸಬಾರದು, ತಡವರಿಸಿದ ಸ್ಥಳವನ್ನು ಗುರುತು ಹಾಕಿಕೊಳ್ಳಬೇಕು. ಪರೀಕ್ಷೆಗೊಳಗಾಗಿರುವುದು ಜಾಲತಾಣವೇ ಹೊರತು ಅವರಲ್ಲವೆಂದು ಮೊದಲೇ ತಿಳಿಸಬೇಕು. ಹಣ ಪಾವತಿಯ ಪುಟಕ್ಕೆ ಬಂದೊಡನೆ ಪರೀಕ್ಷೆಯನ್ನು ನಿಲ್ಲಿಸಬೇಕು. ಯುಪಿಐ ಪಿನ್, ಒಟಿಪಿಗಳು ಪರದೆಯಲ್ಲಿ ಕಾಣಿಸಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟು, ಧ್ವನಿಮುದ್ರಣದ ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯುವುದು, ಕೆಲಸ ಮುಗಿದ ಬಳಿಕ ಅದನ್ನು ಅಳಿಸುವುದು ಕ್ಷೇಮಕರ. ಅವರ ಸಮಯಕ್ಕೆ ಪ್ರತಿಯಾಗಿ ಸರಕಿನ ಒಂದು ಪೊಟ್ಟಣವನ್ನು ಕೊಡುವುದು ಸೌಜನ್ಯವೆನಿಸುತ್ತದೆ.

ಜಾಲತಾಣ ರೂಪಿಸುವವರಿಗೆ ಪೂರ್ಣ ಹಣ ಸಂದಾಯವಾದ ಮೇಲೆ ಕಂಡುಬರುವ ದೋಷವನ್ನು ತಿದ್ದಿಸುವುದು ದುಬಾರಿ. ಕರಡು ಸಿದ್ಧವಾದಾಗಲೇ ಐವರು ಗ್ರಾಹಕರ ಮುಂದಿಟ್ಟು, ಅವರ ಪರೀಕ್ಷೆಯ ನಂತರವೇ ಕೊನೆಯ ಕಂತನ್ನು ಪಾವತಿಸುವುದೆಂದು ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಸಣ್ಣ ಉದ್ದಿಮೆದಾರರಿಗೆ ಹಿತಕರವಾದ ಮಾರ್ಗವಾಗಿದೆ.