ತಾತನ ಕಲ್ಲಿನಲ್ಲಿ ಹುಳ ತಿಂದ ಗುರುತಿರಲಿಲ್ಲ

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲಿ ದೀಪದೆಣ್ಣೆ ಬಾಟಲಿ, ಕರೆಂಟ್ ಬಿಲ್ಲುಗಳು, ತಾತನ ಕನ್ನಡಕದ ಡಬ್ಬಿ, ಜೊತೆಗೆ ಒಂದು ಕಲ್ಲು ಇರುತ್ತದೆ. ಅಂಗೈಯಗಲದ ಚಪ್ಪಟೆ ಕಲ್ಲು. ಅದರ ಒಂದು ಮುಖದ ಮೇಲೆ ಕಪ್ಪು ಇಂಕಿನಲ್ಲಿ ಬರೆದ ಹಾಗೆ ಪುಟ್ಟದೊಂದು ಜರೀಗಿಡ. ಕಾಂಡ, ಕವಲು, ಕವಲಿಗೆ ಮತ್ತೆ ಕವಲು. ಬೇತಮಂಗಲದ ಕಡೆ ನೆಂಟರ ಬಾವಿ ತೋಡುವಾಗ ಸಿಕ್ಕಿದ್ದಂತೆ. ಬಂಡೆ ಸೀಳಿದಾಗ ಒಳಗಿತ್ತಂತೆ.

ಚಾಂಪಿಯನ್ ರೀಫ್ಸ್‌ನ ನಮ್ಮ ಲೈನಿನ ಮಕ್ಕಳೆಲ್ಲ ಆ ಕಲ್ಲು ನೋಡಿಯೇ ಬೆಳೆದವರು. ಗಣಿಯೊಳಗೆ ಡ್ರಿಲ್ಲಿಂಗ್ ಕೆಲಸ ಮಾಡಿದ ತಾತ ಅದನ್ನು ಕೈಗೆ ಕೊಟ್ಟು, 'ಹುಷಾರು, ಚಿನ್ನಕ್ಕಿಂತ ಹಳೇದು' ಅನ್ನುತ್ತಿದ್ದರು. ನಾನು ಭೂವಿಜ್ಞಾನ ಓದೋಕೆ ಸೇರಿದ್ದಕ್ಕೆ ಕಾರಣ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಆ ಗೂಡಿನಲ್ಲಿದೆ. ಕೆ.ಜಿ.ಎಫ್. ಅಂದಕೂಡಲೇ ಎಲ್ಲರೂ ಸಿನಿಮಾ ಬಗ್ಗೆಯೇ ಕೇಳುತ್ತಾರೆ. ಹಾಗಾಗಿ ಕಾಲೇಜಿನಲ್ಲಿ ನಾನು ಹೇಳಿಕೊಳ್ಳೋಕೆ ಇಟ್ಟುಕೊಂಡಿದ್ದ ಕಥೆ ಈ ಕಲ್ಲಿನದು.

ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಪಳೆಯುಳಿಕೆಗಳ ಪಾಠ ಶುರುವಾದ ವಾರ, ತಾತನನ್ನು ಒಪ್ಪಿಸಿ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಟಿಫಿನ್ ಬ್ಯಾಗಿಗೆ ಹಾಕಿಕೊಂಡೆ. ಮಾರಿಕುಪ್ಪಂ ರೈಲಿನಲ್ಲಿ ಬೆಳಗಿನ ಹೊತ್ತು ಸೀಟು ಸಿಗೋದು ಅದೃಷ್ಟ. ಬಂಗಾರಪೇಟೆ ದಾಟಿದ ಮೇಲಂತೂ ಕಾಲಿಡೋಕೂ ಜಾಗ ಇರಲ್ಲ. ಆ ನೂಕುನುಗ್ಗಲಿನಲ್ಲಿ ಬೆಂಗಳೂರಿನವರೆಗೂ ಬ್ಯಾಗನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದೆ.

ಮೇಡಂ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಕಪಾಟಿನಿಂದ ಒಂದು ಟ್ರೇ ತೆಗೆದು ನನ್ನ ಮುಂದಿಟ್ಟು, 'ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು, ಆಮೇಲೆ ನೀನೇ ಹೇಳು' ಅಂದು ಕ್ಲಾಸಿಗೆ ಹೋದರು.

ಟ್ರೇಯಲ್ಲಿ ರಾಣಿಗಂಜ್ ಕಲ್ಲಿದ್ದಲು ಪ್ರದೇಶದ ಒಂದು ಗ್ಲಾಸೊಪ್ಟೆರಿಸ್ ಎಲೆ ಇತ್ತು. ಗ್ರೀಕ್‌ನಲ್ಲಿ ಗ್ಲಾಸಾ ಅಂದರೆ ನಾಲಿಗೆ. ಎಲೆಯೂ ನಾಲಿಗೆಯ ಆಕಾರದ್ದೇ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಂದೇ ನೆಲವಾಗಿ ಅಂಟಿಕೊಂಡಿದ್ದಾಗ ಎಲ್ಲೆಡೆ ಬೆಳೆಯುತ್ತಿದ್ದ ಮರದ ಎಲೆ ಅದು. ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ಸತ್ತ ಕ್ಯಾಪ್ಟನ್ ಸ್ಕಾಟ್ ತಂಡದವರು ಹಸಿವು, ಚಳಿಯಲ್ಲೂ ಬಿಸಾಡದೆ ಎಳೆದು ತಂದಿದ್ದ ಸುಮಾರು 16 ಕೆ.ಜಿ. ಕಲ್ಲುಗಳಲ್ಲಿ ಇದೇ ಎಲೆ ಇತ್ತು.

ಲೆನ್ಸ್ ಹಿಡಿದೆ. ನಡುನರ ಸ್ಪಷ್ಟವಾಗಿತ್ತು. ಅದರಿಂದ ಹೊರಟ ಸಣ್ಣ ನರಗಳು ಬಲೆಯ ಹಾಗೆ ಹೆಣೆದುಕೊಂಡಿದ್ದವು. ಅಂಚಿಗೆ ಬಂದಾಗ ಒಂದು ಕಡೆ ಅರ್ಧಚಂದ್ರದ ಹಾಗೆ ತುಂಡಾಗಿತ್ತು. ಹಳೇ ಕಲ್ಲಲ್ಲವೇ, ಮುರಿದಿರಬೇಕು ಅಂದುಕೊಂಡೆ. ಆದರೆ ಆ ಅರ್ಧಚಂದ್ರದ ಉದ್ದಕ್ಕೂ ಕಪ್ಪಗೆ, ದಪ್ಪಗೆ ಒಂದು ಗೆರೆಯಿತ್ತು, ಸೀರೆಗೆ ಜಿಗ್‌ಜಾಗ್ ಹೊಲಿಸಿದ ಅಂಚಿನ ಹಾಗೆ.

ತಾತನ ಜರೀಗಿಡದಲ್ಲಿ ನರವೇ ಇರಲಿಲ್ಲ. ಬರೀ ಕವಲುಗಳು. ಕಲ್ಲಿನ ಅಂಚಿನಲ್ಲಿದ್ದ ಒಂದು ಬಿರುಕಿನಿಂದ ಹೊರಟು ಒಳಮುಖವಾಗಿ ಹರಡಿದ್ದವು. ಮೇಡಂ ವಾಪಸ್ ಬರುವ ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು.

ಅದು ಡೆಂಡ್ರೈಟ್. ಮ್ಯಾಂಗನೀಸ್ ಕರಗಿದ ನೀರು ಬಂಡೆಯ ಸಣ್ಣ ಸೀಳಿನಲ್ಲಿ ಇಳಿದಾಗ ಆ ಖನಿಜ ಕವಲುಕವಲಾಗಿ ಕಟ್ಟಿಕೊಳ್ಳುತ್ತದೆ. ಎರಡು ಗಾಜಿನ ಪಟ್ಟಿಯ ನಡುವೆ ಒಂದು ತೊಟ್ಟು ಇಂಕು ಒತ್ತಿ ಬಿಡಿಸಿ ನೋಡಿ, ಹೆಚ್ಚುಕಡಿಮೆ ಅಂಥದೇ ಗಿಡ ಮೂಡುತ್ತದೆ. ನೋಡೋಕೆ ಗಿಡ, ಆದರೆ ಅದಕ್ಕೂ ಜೀವಕ್ಕೂ ಸಂಬಂಧವಿಲ್ಲ.

ಅಷ್ಟಕ್ಕೂ ನನಗೆ ಮೊದಲೇ ಹೊಳೆಯಬೇಕಿತ್ತು. ಕೋಲಾರದ ಚಿನ್ನದ ಪಟ್ಟಿಯ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ನಮ್ಮೂರ ಹತ್ತಿರ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿರುವ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಲಾವಾ ನೀರಿನಡಿಯಲ್ಲಿ ಉಕ್ಕಿದರೆ ಮಾತ್ರ ಹಾಗೆ ದಿಂಬು ದಿಂಬಾಗಿ ಗಟ್ಟಿಯಾಗೋದು. ಆ ಕಾಲದಲ್ಲಿ ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೇನೂ ಇರಲಿಲ್ಲ. ಎಲೆ ಅನ್ನೋದು ಬಂದಿದ್ದು ಈಗ್ಗೆ ಸುಮಾರು 40 ಕೋಟಿ ವರ್ಷಗಳ ಹಿಂದೆ. ಅಂದರೆ ನಮ್ಮ ಬಂಡೆ ಹುಟ್ಟಿ 230 ಕೋಟಿ ವರ್ಷ ಕಳೆದ ಮೇಲೆ. ನಮ್ಮ ಬಂಡೆಯೊಳಗೆ ಎಲೆ ಹುಡುಕೋದು ಅಂದರೆ ಮುತ್ತಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗಳನ್ನು ಹುಡುಕಿದ ಹಾಗೆ.

ಅವತ್ತು ಮೇಡಂ ನನ್ನ ಸಪ್ಪೆ ಮುಖ ನೋಡಿಯೋ ಏನೋ, ಆ ಅರ್ಧಚಂದ್ರದ ಕಡೆ ಬೆರಳು ತೋರಿಸಿ, 'ಇದು ಮುರಿದಿದ್ದಲ್ಲ, ಯಾವುದೋ ಹುಳ ಕಚ್ಚಿ ತಿಂದಿದ್ದು' ಅಂದರು. ಆ ಒಂದು ವಾಕ್ಯ ಈಗ ನನ್ನ ಓದೇ ಆಗಿಬಿಟ್ಟಿದೆ.

ಹುಳ ಕಡಿದದ್ದೋ, ಆಮೇಲೆ ಮಣ್ಣಿನಲ್ಲಿ ಹರಿದದ್ದೋ ಅಂತ ಹೇಗೆ ಗೊತ್ತಾಗುತ್ತೆ? ಉತ್ತರ ಆ ಕಪ್ಪು ಅಂಚಿನಲ್ಲಿದೆ. ಜೀವಂತ ಎಲೆಗೆ ಗಾಯವಾದರೆ ಅದು ಸುಮ್ಮನಿರೋದಿಲ್ಲ. ಗಾಯದ ಸುತ್ತ ಹೊಸ ಕೋಶಗಳನ್ನು ಬೆಳೆಸಿ ಅಂಚನ್ನು ಗಟ್ಟಿ ಮಾಡಿಕೊಳ್ಳುತ್ತದೆ. ನಮ್ಮ ಚರ್ಮಕ್ಕೆ ಹೊಪ್ಪಳೆ ಕಟ್ಟಿ ಕಲೆ ಉಳಿಯುವ ಹಾಗೆ. ಉದುರಿದ ಎಲೆಗೆ ಆ ಶಕ್ತಿ ಇಲ್ಲ. ಹಾಗಾಗಿ ಕಲ್ಲಾದ ಎಲೆಯಲ್ಲಿ ದಪ್ಪ ಅಂಚಿನ ತೂತು ಕಂಡರೆ, ಅದು ಮರದ ಮೇಲೆ ಹಸಿರಾಗಿದ್ದಾಗಲೇ ಯಾರಿಗೋ ಊಟವಾಗಿತ್ತು ಅಂತ ಅರ್ಥ. ಆಗ ಭೂಮಿಯ ಮೇಲೆ ಚಿಟ್ಟೆ ಇರಲಿಲ್ಲ, ಹೂವೂ ಇರಲಿಲ್ಲ. ಆದರೆ ಎಲೆ ತಿನ್ನುವವರಿದ್ದರು.

ಇದನ್ನು ಓದೋಕೆ ಒಂದು ಕೈಪಿಡಿಯೂ ಇದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾನ್ರಾಡ್ ಲಬಾಂಡೇರಾ, ಪೀಟರ್ ವಿಲ್ಫ್ ಮತ್ತವರ ಜೊತೆಗಾರರು 2007ರಲ್ಲಿ ಸುಮಾರು 150 ಬಗೆಯ ಹಾನಿಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡಿದರು. ಒಂದು ಮಿಲಿಮೀಟರಿಗಿಂತ ಚಿಕ್ಕ ತೂತಿಗೆ 1ನೇ ನಂಬರು. ಒಂದರಿಂದ ಐದು ಮಿಲಿಮೀಟರಿನ ದುಂಡನೆ ತೂತಿಗೆ 2. ನಾನು ಕಂಡ ಅಂಚಿನ ಅರ್ಧಚಂದ್ರಕ್ಕೆ 12. ನರಗಳನ್ನಷ್ಟೇ ಬಿಟ್ಟು ಜಾಲರಿ ಮಾಡಿದ್ದು, ಮೇಲ್ಪದರ ಕೆರೆದದ್ದು, ಸೂಜಿಬಾಯಿ ಚುಚ್ಚಿ ರಸ ಹೀರಿದ್ದು, ಗಂಟು ಎಬ್ಬಿಸಿದ್ದು, ಮೊಟ್ಟೆ ಇಟ್ಟ ಗಾಯ ಎಲ್ಲಕ್ಕೂ ನಂಬರುಂಟು. ಪೊಲೀಸರ ಬೆರಳಚ್ಚಿನ ಫೈಲಿನ ಹಾಗೆ. ಕಳ್ಳ ಸಿಕ್ಕಿಲ್ಲ, ಬೆರಳಚ್ಚು ಮಾತ್ರ ಇದೆ.

ಕೆಲವು ಸಲ ಬೆರಳಚ್ಚಿನಿಂದಲೇ ಕಳ್ಳನ ಜಾತಕ ಸಿಕ್ಕಿಬಿಡುತ್ತದೆ. ಶುಂಠಿಯ ಸಂಬಂಧಿ ಗಿಡಗಳ ಸುರುಳಿ ಎಲೆಯೊಳಗೆ ಕೂತು ಉದ್ದುದ್ದ ಪಟ್ಟಿಯಾಗಿ ಕೆರೆದು ತಿನ್ನುವ ಒಂದು ಜಾತಿಯ ಜೀರುಂಡೆ ಇವತ್ತೂ ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿವೆ. ಅದೇ ಶೈಲಿಯ ಪಟ್ಟಿಗಳು ಡೈನೋಸಾರ್ ಕಾಲದ ಕೊನೆಯ ಹೊತ್ತಿನ ಶುಂಠಿ ಜಾತಿಯ ಎಲೆಗಳ ಮೇಲೆ ಸಿಕ್ಕವು ಎಂದು ವಿಲ್ಫ್ ತಂಡ 2000ದಲ್ಲಿ ಪ್ರಕಟಿಸಿತು. ಆ ಜೀರುಂಡೆಗಳ ಮೈಯ ಪಳೆಯುಳಿಕೆ ಹೇಳುತ್ತಿದ್ದ ಕಾಲಕ್ಕಿಂತ ಇದು ಸುಮಾರು ಎರಡು ಕೋಟಿ ವರ್ಷ ಹಿಂದಕ್ಕೆ ಹೋಯಿತು. ಡೈನೋಸಾರ್ ಹೋದವು, ಊಟದ ಶೈಲಿ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ನನ್ನ ನಿದ್ದೆಗೆಡಿಸಿದ್ದು. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ 4.8 ಕೋಟಿ ವರ್ಷದ ಎಲೆಯೊಂದರಲ್ಲಿ ನರದ ಎರಡೂ ಬದಿಗೆ ಜೋಡಿಜೋಡಿ ಸಣ್ಣ ಗಾಯಗಳಿದ್ದವು. ಇವತ್ತಿಗೂ ಕಾಡಿನಲ್ಲಿ ಒಂದು ಶಿಲೀಂಧ್ರ ಇರುವೆಯ ಮೈ ಹೊಕ್ಕು, ಅದನ್ನು ತನ್ನಿಷ್ಟದಂತೆ ನಡೆಸಿ, ಎಲೆಯ ನರವನ್ನು ಬಿಗಿಯಾಗಿ ಕಚ್ಚಿಸಿ ಅಲ್ಲೇ ಸಾಯಿಸುತ್ತದೆ. 2011ರಲ್ಲಿ ಆ ಗಾಯಗಳನ್ನು ಅಂಥ ಇರುವೆಗಳ ಸಾವಿನ ಕಡಿತ ಅಂತ ಗುರುತಿಸಿದರು. ಇರುವೆ ಇಲ್ಲ, ಶಿಲೀಂಧ್ರವೂ ಇಲ್ಲ. ಕಚ್ಚಿದ ಗುರುತಷ್ಟೇ ಇದೆ.

'ಇದರಿಂದ ಏನುಪಯೋಗ, ಕೆಲಸ ಸಿಗುತ್ತಾ?' ಅಂತ ಅಮ್ಮ ಕೇಳುತ್ತಾರೆ. ಕೆಲಸದ ವಿಷಯ ಬಿಡಿ, ಉಪಯೋಗ ಇದೆ. ಸುಮಾರು 5.6 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಭೂಮಿ ದಿಢೀರನೆ ಬಿಸಿಯಾಗಿತ್ತು. ಎಲೆನ್ ಕುರಾನೋ ಮತ್ತವರ ಸಂಗಡಿಗರು ಅಮೆರಿಕದ ವ್ಯೋಮಿಂಗ್‌ನಲ್ಲಿ ಆ ಕಾಲದ ಮತ್ತು ಅದರ ಹಿಂದುಮುಂದಿನ 5 ಸಾವಿರಕ್ಕೂ ಹೆಚ್ಚು ಎಲೆಗಳನ್ನು ಒಂದೊಂದಾಗಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಯ ಕಾಲದಲ್ಲಿ ನೂರಕ್ಕೆ 57 ಎಲೆಗಳನ್ನು ಹುಳ ತಿಂದಿದ್ದವು. ಅದಕ್ಕೆ ಮೊದಲೂ ಆಮೇಲೂ ಇಷ್ಟಿರಲಿಲ್ಲ. ಇಂಗಾಲ ಹೆಚ್ಚಾದಾಗ ಎಲೆಯಲ್ಲಿ ಸಾರಜನಕದ ಪಾಲು ಕಡಿಮೆಯಾಗಿ, ಅಷ್ಟೇ ಪೌಷ್ಟಿಕಾಂಶಕ್ಕೆ ಹುಳ ಜಾಸ್ತಿ ತಿನ್ನಬೇಕಾಗಿರಬಹುದು, ಬೆಚ್ಚಗಿನ ಸೀಮೆಯ ಹುಳಗಳೂ ವಲಸೆ ಬಂದಿರಬಹುದು ಅನ್ನೋದು ಅವರ ವಿವರಣೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದನ್ನು ಇಟ್ಟುಕೊಂಡಿರುವ ಕೋಲಾರ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ದಕ್ಷಿಣ ಅಮೆರಿಕದ ಟೂಟಾ ಹುಳ ಭಾರತದ ಟೊಮೆಟೊದಲ್ಲಿ ಕಾಣಿಸಿಕೊಂಡಿದ್ದು 2014ರಲ್ಲಷ್ಟೇ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಗೊಂಡ್ವಾನಾ ಕಲ್ಲಿದ್ದಲು ಪದರಗಳ ಎಲೆಗಳ ಮೇಲಿನ ಕಡಿತಗಳನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಆ ಸಂಸ್ಥೆಯ ಅಡಿಗಲ್ಲೇ ಪಳೆಯುಳಿಕೆಗಳನ್ನು ಹುದುಗಿಸಿ ಮಾಡಿದ್ದು. 1949ರ ಏಪ್ರಿಲ್ 3ರಂದು ನೆಹರೂ ಅದನ್ನು ಇಟ್ಟರು, ಒಂದೇ ವಾರಕ್ಕೆ ಸಾಹ್ನಿ ತೀರಿಕೊಂಡರು. ಅಸ್ಸಾಂನ ಮಾಕುಂ, ರಾಜಸ್ಥಾನದ ಬಿಕಾನೇರ್ ಹತ್ತಿರದ ಗುಢಾ ಹೀಗೆ ಎಲೆ ಸಿಗುವ ಜಾಗಗಳು ಬಹುಪಾಲು ಕಲ್ಲಿದ್ದಲು, ಲಿಗ್ನೈಟ್ ಗಣಿಗಳೇ. ಗಣಿಯವರು ಅಗೆಯದಿದ್ದರೆ ಇವು ಬೆಳಕನ್ನೇ ಕಾಣುತ್ತಿರಲಿಲ್ಲ. ಈ ಮಾತು ತಾತನಿಗೆ ಹೇಳೋಕೆ ಚೆನ್ನಾಗಿತ್ತು. ಆದರೆ ಅದಕ್ಕೆ ಮೊದಲು ಇನ್ನೊಂದನ್ನು ಹೇಳಬೇಕಿತ್ತಲ್ಲ.

ಹದಿನೈದು ದಿನ ಹೇಳಲಿಲ್ಲ. 'ನಿಮ್ಮ ಮೇಡಂ ಏನಂದ್ರಮ್ಮ ಕಲ್ಲು ನೋಡಿ?' ಅಂದರೆ 'ಇನ್ನೂ ನೋಡ್ತಿದಾರೆ ತಾತ' ಅನ್ನುತ್ತಿದ್ದೆ. ಕಲ್ಲು ನನ್ನ ಬ್ಯಾಗಿನಲ್ಲೇ ಇತ್ತು. ಗೂಡಿನಲ್ಲಿ ಅದಿದ್ದ ಜಾಗ ಖಾಲಿ ಇತ್ತು. ಅಲ್ಲಿಗೆ ಬೇರೇನನ್ನೂ ಇಡೋಕೆ ತಾತ ಬಿಡುತ್ತಿರಲಿಲ್ಲ. ಸುಳ್ಳು ಹೇಳಿ ಹಾಗೇ ಇಟ್ಟುಬಿಡೋಣ ಅಂತಲೂ ಅನ್ನಿಸಿತು. ಎಂಬತ್ತು ದಾಟಿದವರಿಗೆ ಮ್ಯಾಂಗನೀಸ್ ಕಥೆ ಹೇಳಿ ಏನು ಸಾಧಿಸೋದು? ಆದರೆ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇದ್ದ ಗಣಿಯಲ್ಲಿ ದುಡಿದವರಿಗೆ, ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳೋದು ಸರಿ ಕಾಣಲಿಲ್ಲ.

ಒಂದು ಭಾನುವಾರ ಕಲ್ಲನ್ನು ಗೂಡಿನಲ್ಲಿಟ್ಟು ಎಲ್ಲ ಹೇಳಿದೆ. ಮೊಬೈಲಿನಲ್ಲಿ ಗ್ಲಾಸೊಪ್ಟೆರಿಸ್ ಫೋಟೋ ತೋರಿಸಿದೆ. ತಾತ ಫೋಟೋ ಹಿಗ್ಗಿಸಿ ಆ ಕಪ್ಪು ಅಂಚು ನೋಡಿದರು. ತಮ್ಮ ಎಡಗೈಯ ಹಳೇ ಗಾಯದ ಕಲೆಯನ್ನೊಮ್ಮೆ ಸವರಿಕೊಂಡರು. ಆಮೇಲೆ ಕೇಳಿದ್ದು ಒಂದೇ: 'ಹಂಗಾದ್ರೆ ನಾವು ಕೊರೆದ ಬಂಡೇಲಿ ಎಲೆ, ಹುಳ ಏನೂ ಇರಲಿಲ್ಲವಾ?'

'ಇರಲಿಲ್ಲ ತಾತ. ಅವೆಲ್ಲ ಆಮೇಲೆ ಬಂದಿದ್ದು.'

'ಹೂಂ' ಅಂದು ಎದ್ದು ಹೋದರು. ಎರಡು ದಿನ ಆ ಮಾತೇ ಎತ್ತಲಿಲ್ಲ.

ಮೂರನೇ ದಿನ ಸಂಜೆ ರೈಲಿಳಿದು ಮನೆಗೆ ಬಂದರೆ ತಾತ ಜಗಲಿಯ ಮೇಲೆ ಕೂತಿದ್ದರು. ಕೈಯಲ್ಲಿ ಹಿತ್ತಲಿನ ಟೊಮೆಟೊ ಗಿಡದ ಎಲೆ. ಅದರ ತುಂಬ ಬಿಳೀ ಸೊಟ್ಟಸೊಟ್ಟ ಗೆರೆಗಳು. ನಮ್ಮ ಕಡೆ ರೈತರು ಇದನ್ನು ರಂಗೋಲಿ ಹುಳು ಅನ್ನುತ್ತಾರೆ. ಕೃಷಿ ಪುಸ್ತಕದಲ್ಲಿ ಇದರ ಹೆಸರು ಎಲೆ ಸುರಂಗ ಹುಳು. ಎಲೆಯ ಮೇಲ್ಪದರ, ಕೆಳಪದರ ಎರಡನ್ನೂ ಮುಟ್ಟದೆ ನಡುವಿನ ಹಸಿರನ್ನಷ್ಟೇ ತಿನ್ನುತ್ತಾ ಸುರಂಗ ಕೊರೆಯುವ ಮರಿ. ಇಂಥ ಸುರಂಗಗಳು ಪಳೆಯುಳಿಕೆ ಎಲೆಗಳಲ್ಲೂ ಸಿಗುತ್ತವೆ. ನಾನು ಹೇಳೋಕೆ ಬಾಯಿ ತೆಗೆಯುವಷ್ಟರಲ್ಲಿ ತಾತನೇ ಶುರು ಮಾಡಿದರು.

'ನೋಡಮ್ಮ, ಇಲ್ಲಿಂದ ಇಳಿದಿದಾನೆ. ದಾರಿ ಸಣ್ಣಕ್ಕಿದೆ. ಬರ್ತಾ ಬರ್ತಾ ಅಗಲ ಆಗಿದೆ. ಯಾಕೆ, ಅವನೂ ದಪ್ಪ ಆಗಿದಾನೆ. ಈ ಕರೀ ಚುಕ್ಕಿ ಅವನು ಹಿಂದಕ್ಕೆ ಬಿಟ್ಟ ಗಲೀಜು. ಒಂದ್ಸಲ ಈ ಗೋಡೆಗೆ, ಒಂದ್ಸಲ ಆ ಗೋಡೆಗೆ ಬಿಟ್ಟಿದಾನೆ. ಇಲ್ಲಿ ನರ ಅಡ್ಡ ಬಂತು, ತಿರುಗಿದಾನೆ. ಇಲ್ಲಿ ಸೀಳಿಕೊಂಡು ಹೊರಗೆ ಬಂದ. ಬಂದಿದಾನೆ ಕಣಮ್ಮ, ನೋಡು, ಸೀಳು ಕಾಣುತ್ತೆ.'

ಒಂದು ಸೆಮಿಸ್ಟರ್ ಓದಿ ನಾನು ಕಲಿತದ್ದನ್ನು ತಾತ ಒಂದು ಎಲೆಯಲ್ಲಿ ಓದಿ ಮುಗಿಸಿದ್ದರು. ಹಿಕ್ಕೆಯ ಸಾಲು, ಸುರಂಗದ ಅಗಲ, ಹೊರಬಂದ ಸೀಳು ಇವನ್ನೇ ಅಲ್ಲವೇ ಲೆನ್ಸ್ ಹಿಡಿದು ಹುಡುಕೋದು. ಗೂಡಿನಿಂದ ಆ ಕಲ್ಲನ್ನು ತೆಗೆಸಿರಲಿಲ್ಲ. ಈಗಲೂ ಅಲ್ಲೇ ಇದೆ. ಮಕ್ಕಳು ಬಂದರೆ ಮಾತ್ರ, 'ಇದು ಎಲೆಯಲ್ಲ, ನೀರು ಬರೆದ ಚಿತ್ರ. ನಮ್ಮಮ್ಮಣ್ಣಿ ಕಂಡುಹಿಡಿದಿದ್ದು' ಅನ್ನುತ್ತಾರೆ.

ಅವತ್ತು ಎಲೆಯನ್ನು ನನ್ನ ಕೈಗೆ ಕೊಡುವಾಗ ಅದರಲ್ಲಿ ಇನ್ನೊಂದು ಗೆರೆಯಿತ್ತು. ಸಣ್ಣದಾಗಿ ಶುರುವಾಗಿ, ಅರ್ಧ ದಾರಿಯಲ್ಲಿ ನಿಂತಿತ್ತು. ತುದಿಯಲ್ಲಿ ಸೀಳಿರಲಿಲ್ಲ, ಒಂದು ಕಂದು ಚುಕ್ಕಿ ಮಾತ್ರ. ಇಂಥ ಮರಿಗಳನ್ನು ಸುರಂಗದೊಳಗೇ ಕೊಲ್ಲುವ ಕಣಜಗಳಿವೆ ಅಂತ ನಾನು ಓದಿದ್ದೆ. ಹೇಳಲಿಲ್ಲ.

ತಾತ ಅದರ ಮೇಲೆ ಬೆರಳಿಟ್ಟು, 'ಇವನು ಮೇಲೆ ಬರಲಿಲ್ಲ' ಅಂದರು.