ಮರಗೆಲಸದ ಕೊಟ್ಟಿಗೆಗೆ ತ್ರೀ ಫೇಸ್

ಮನೆಯ ಪಕ್ಕಕ್ಕೆ ಶೀಟಿನ ಮಾಡು ಇಳಿಸಿ, ಅದರಡಿಯಲ್ಲೇ ಮರಗೆಲಸ ನಡೆಸುವ ಕುಟುಂಬಗಳು ಬದಿಯಡ್ಕ, ಪೆರ್ಲದ ಕಡೆಗೆ ಹೋದರೆ ಈಗಲೂ ಕಾಣಸಿಗುತ್ತವೆ. ಕೈಗರಗಸ, ಕೀಸುಳಿಗಳ ಜೊತೆಗೆ ಅರ್ಧ, ಒಂದು ಎಚ್.ಪಿ.ಯ ಮೋಟಾರುಗಳು ಬಂದು ಬಹಳ ಕಾಲವಾಯಿತು. ಮಗ ಗಲ್ಫಿನಿಂದ ಕಳಿಸಿದ ಹಣದಲ್ಲಿ ಮೂರು ಅಥವಾ ಐದು ಎಚ್.ಪಿ.ಯ ಪ್ಲೇನರ್ ಯಂತ್ರ ತರಿಸುವವರೂ ಇದ್ದಾರೆ. ಯಂತ್ರ ಅಂಗಳಕ್ಕೆ ಬಂದಿಳಿದ ಮೇಲೆಯೇ ಅದರ ತಗಡಿನ ಬರಹ ಕಣ್ಣಿಗೆ ಬೀಳುವುದು: 415 ವೋಲ್ಟ್, 3 ಫೇಸ್. ಮನೆಯಲ್ಲಿರುವುದೋ 230 ವೋಲ್ಟಿನ ಒಂದೇ ಫೇಸ್.

“ಇದೇನು ಮಾಸ್ಟ್ರೇ, ಕರೆಂಟಿನಲ್ಲಿಯೂ ಜಾತಿ ಉಂಟಾ?” ಎಂದು ನಮ್ಮೂರ ಆಚಾರಿಯೊಬ್ಬರು ಕೇಳಿದ್ದರು. ಉಂಟು. ಒಂದು ಫೇಸ್ ತಂತಿಗೂ ನ್ಯೂಟ್ರಲ್ ತಂತಿಗೂ ನಡುವೆ 230 ವೋಲ್ಟ್ ಇದ್ದರೆ, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ತಗಡಿನ ಮೇಲಿನ 415 ಎಂಬುದು ಹಳೆಯ ರೂಢಿಯ ಅಂಕಿ. ಒಂದು ಎಚ್.ಪಿ. ಎಂದರೆ 746 ವಾಟ್. ಮೂರು ಎಚ್.ಪಿ.ಯ ಮೋಟಾರು ಸಿಂಗಲ್ ಫೇಸಿನಲ್ಲಿ ಪೂರ್ಣ ಭಾರ ಹೊತ್ತಾಗ 15-16 ಆಂಪಿಯರ್ ಎಳೆದರೆ, ತ್ರೀ ಫೇಸಿನಲ್ಲಿ ತಂತಿಯೊಂದಕ್ಕೆ 5 ಆಂಪಿಯರಿನ ಆಸುಪಾಸು ಸಾಕು. ಹೊರಡುವ ಕ್ಷಣದಲ್ಲಿ ಮೋಟಾರು ಇದರ ಐದಾರು ಪಟ್ಟು ಎಳೆಯುತ್ತದೆ. ಆಚಾರಿಯವರು ಗುಂಡಿ ಒತ್ತಿದಾಗ ಅಡುಗೆಮನೆಯ ದೀಪ ಮಂಕಾಗುವುದು ಇದರಿಂದಲೇ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ಎಳೆದರೆ, ಹೋಗಿ ಬರುವ 60 ಮೀಟರಿಗೆ ಹತ್ತಿರ ಹತ್ತಿರ 0.45 ಓಮ್ ರೋಧ. ಅದರಲ್ಲಿ 80 ಆಂಪಿಯರ್ ಹರಿದರೆ 36 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ.

ಆದ್ದರಿಂದ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ರಸ್ತೆಗೆ ಹೋಗಿ ಕಂಬವನ್ನು ಕತ್ತೆತ್ತಿ ನೋಡಬೇಕು. ಒಳಗಿನ ಗುಡ್ಡೆಮನೆಗಳಿಗೆ ಹೋಗುವ ಕಂಬಗಳಲ್ಲಿ ಹಲವು ಕಡೆ ಎರಡೇ ತಂತಿ. ಅಲ್ಲಿಗೆ ಮೂರೂ ಫೇಸ್ ಬರಬೇಕಾದರೆ ಲೈನು ಎಳೆಯುವ ಖರ್ಚು ಅರ್ಜಿದಾರರ ತಲೆಗೆ ಬರುವ ಸಂಭವವಿದೆ. ಈಚೆಗೆ ಹೊದಿಕೆಯ ಕೇಬಲು ಹಾಕಿರುವಲ್ಲಿ ತಂತಿ ಎಣಿಸಿ ಪ್ರಯೋಜನವಿಲ್ಲ, ಸೆಕ್ಷನ್ ಆಫೀಸಿನಲ್ಲೇ ಕೇಳಬೇಕು. ಕೇರಳದ 2014ರ ವಿದ್ಯುತ್ ಪೂರೈಕೆ ಸಂಹಿತೆಯ ಪ್ರಕಾರ ಒಟ್ಟು ಲೋಡು 5 ಕಿಲೋವಾಟ್ ಮೀರಿದರೆ ಹೇಗೂ ತ್ರೀ ಫೇಸ್ ಆಗಬೇಕು.

ಅರ್ಜಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನಮ್ಮವರಲ್ಲಿ ಮಲಯಾಳ ಮಾತನಾಡಲು ಬಲ್ಲವರು ಬಹುಮಂದಿ, ಓದಬಲ್ಲ ಹಿರಿಯರು ಕಡಿಮೆ. ವಯರ್‌ಮ್ಯಾನ್ ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ಆ ಕಾಗದದಲ್ಲಿ ಮುಖ್ಯವಾದವು ಎರಡೇ ಸಂಗತಿ: ಕನೆಕ್ಟೆಡ್ ಲೋಡ್, ಅಂದರೆ ನಮ್ಮಲ್ಲಿರುವ ಯಂತ್ರ ದೀಪಗಳ ಒಟ್ಟು ವಾಟ್, ಮತ್ತು ತಾರಿಫ್, ಅಂದರೆ ಯಾವ ಕೆಲಸಕ್ಕೆ ಯಾವ ದರ ಎಂಬುದು. ಅಕ್ಷರ ಮಲಯಾಳದ್ದಾದರೂ ಪದಗಳು ಇಂಗ್ಲಿಷಿನವು. ಗಟ್ಟಿಯಾಗಿ ಓದಿ ಹೇಳಲು ಒಬ್ಬರು ಸಿಕ್ಕಿದರೆ ಅರ್ಧ ಅರ್ಥವಾಗಿಬಿಡುತ್ತದೆ. ಮನೆಯ ದರದಲ್ಲಿ ಬಂದ ಕರೆಂಟಿನಿಂದ ಕೂಲಿಗೆ ಹಲಗೆ ಕೀಸಿದರೆ, 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ವಿಧಿಯಡಿ ಅನಧಿಕೃತ ಬಳಕೆಯೆಂದು ಎರಡು ಪಟ್ಟು ದರ ಕಟ್ಟಿಸಬಹುದು. ಎಂದು ಶುರುವಾಯಿತೆಂದು ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕುತ್ತಾರೆ. ವರ್ಷದ ಸಂಪಾದನೆ ಹೋದಂತೆಯೇ. ಕೊಟ್ಟಿಗೆಗೆ ಕೈಗಾರಿಕಾ ದರದ ಬೇರೆಯೇ ಮೀಟರು ಬೇಕೇ ಎಂದು ಮೊದಲೇ ಕೇಳುವುದು ಲೇಸು. ಅನ್ಯಾಯವಾಯಿತೆಂದು ಅಹವಾಲು ಕೊಡುವುದಿದ್ದರೆ ಕನ್ನಡದಲ್ಲೇ ಕೊಡಬಹುದು. ಸಂವಿಧಾನದ 350ನೇ ಅನುಚ್ಛೇದ ಆ ಹಕ್ಕನ್ನು ಕೊಟ್ಟಿದೆ.

ವಯರಿಂಗನ್ನು ಲೈಸೆನ್ಸ್ ಉಳ್ಳವರೇ ಮಾಡಬೇಕು, ಕಂಪ್ಲೀಶನ್ ರಿಪೋರ್ಟಿಗೆ ಅವರ ಸಹಿ ಬೀಳಬೇಕು. ಆದರೂ ಮನೆಯವರು ನಿಂತು ನೋಡಬೇಕಾದುದು ಅರ್ತ್ ಗುಂಡಿಯನ್ನು. ಹಣ ಉಳಿಸಲು ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ. 250 ವೋಲ್ಟಿಗೆ ಮೇಲ್ಪಟ್ಟ ಮೋಟಾರಿನ ಲೋಹದ ಮೈಗೆ ಎರಡು ಪ್ರತ್ಯೇಕ ಅರ್ತ್ ತಂತಿ ಇರಬೇಕೆಂಬುದು ನಿಯಮ. ನಮ್ಮದು ಕೆಂಪುಕಲ್ಲಿನ ನೆಲ. ಆಟಿಯಲ್ಲಿ ನೀರೊಸರುವ ಗುಂಡಿ ಮಾರ್ಚಿಗೆ ಒಣಗಿ ಇಟ್ಟಿಗೆಯಂತಾಗುತ್ತದೆ, ರೋಧ ಏರುತ್ತದೆ.

ಇದರಿಂದ ಏನಾಗುತ್ತದೆಂಬುದಕ್ಕೆ ಹತ್ತನೆಯ ತರಗತಿಯ ನಮ್ಮ ಮಕ್ಕಳು ಕನ್ನಡ ಪಾಠಪುಸ್ತಕದಲ್ಲಿ ಕಲಿತ ಓಮನ ನಿಯಮವೇ ಸಾಕು. ಗುಂಡಿಯ ರೋಧ 10 ಓಮ್ ಎಂದಿಟ್ಟುಕೊಳ್ಳಿ. ಒಳಗಿನ ತಂತಿ ಸವೆದು ಯಂತ್ರದ ಮೈಗೆ ತಗುಲಿದರೆ ನೆಲಕ್ಕೆ ಹರಿಯುವುದು 230ನ್ನು 10ರಿಂದ ಭಾಗಿಸಿದ 23 ಆಂಪಿಯರ್ ಮಾತ್ರ. 32 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಬೀಳುವುದಿಲ್ಲ. ಯಂತ್ರ ಓಡುತ್ತಲೇ ಇರುತ್ತದೆ, ಅದರ ಮೈಯೆಲ್ಲ ಕರೆಂಟು. ಬರಿಗಾಲಲ್ಲಿ ನಿಂತು ಹಲಗೆ ದೂಡುವವನ ಗತಿಯೇನು? 30 ಮಿಲಿಆಂಪಿಯರಿನ ಇ.ಎಲ್.ಸಿ.ಬಿ. ಇಂಥ ಹೊತ್ತಿನಲ್ಲಿ ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಐದು ಎಚ್.ಪಿ.ಯ ಯಂತ್ರ ಕೊಳ್ಳಬಲ್ಲವರು ಅದಕ್ಕೆ ಹಿಂದೆಮುಂದೆ ನೋಡುವುದು ನಮಗೆ ಸರಿಕಾಣುವುದಿಲ್ಲ.

ಮೋಟಾರಿಗೆ ಬರಿಯ ಸ್ವಿಚ್ ಸಾಲದು, ಸ್ಟಾರ್ಟರ್ ಬೇಕು. ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಹೊರಡದಂತೆ ಅದರೊಳಗಿನ ಸುರುಳಿ ತಡೆಯುತ್ತದೆ. ಸಿಕ್ಕಿಕೊಂಡ ಚಕ್ಕೆಯನ್ನು ಬೆರಳಿನಿಂದ ತೆಗೆಯುತ್ತಿದ್ದಾಗ ಕರೆಂಟು ಬಂದರೆ ಎಂದು ಊಹಿಸಿದರೆ ಅದರ ಬೆಲೆ ತಿಳಿದೀತು. ಮೂರರಲ್ಲಿ ಒಂದು ಫೇಸ್ ತಪ್ಪಿದರೆ ಮೋಟಾರು ಮೂಲುಗುತ್ತ ಸುಟ್ಟುಹೋಗುತ್ತದೆ; ಅದನ್ನು ತಡೆಯುವ ಸಾಧನವನ್ನೂ ಜೊತೆಗೇ ಹಾಕಿಸಬೇಕು.

ಇನ್ನು ಬಣ್ಣಗಳ ಗೊಂದಲ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಯೂರೋಪಿನ ಪದ್ಧತಿಯ ಯಂತ್ರದಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿಯೇ ನ್ಯೂಟ್ರಲ್. ಅಲ್ಲಿ ಬಣ್ಣ ನೋಡಿ ಜೋಡಿಸಿದರೆ ಅನಾಹುತ. ಕೈಪಿಡಿ ನೋಡಿ, ಮೀಟರು ಹಿಡಿದೇ ಜೋಡಿಸಬೇಕು. ಮೊದಲ ಸಲ ಬೆಲ್ಟು ಕಳಚಿ ಮೋಟಾರನ್ನು ಮಾತ್ರ ಓಡಿಸಿ, ಬಾಣದ ಗುರುತಿನತ್ತ ತಿರುಗುತ್ತದೆಯೇ ನೋಡಿ. ತಿರುವುಮುರುವಾಗಿದ್ದರೆ ಮೇನ್ ಸ್ವಿಚ್ ತೆಗೆಸಿ, ವಯರ್‌ಮ್ಯಾನ್‌ನಿಂದ ಯಾವುದಾದರೂ ಎರಡು ಫೇಸನ್ನು ಅದಲುಬದಲು ಮಾಡಿಸಿದರಾಯಿತು. ಇ.ಎಲ್.ಸಿ.ಬಿ.ಯ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು, ಬೇಸಗೆಯಲ್ಲಿ ವಾರಕ್ಕೊಮ್ಮೆ ಅರ್ತ್ ಗುಂಡಿಗೆ ಒಂದು ಕೊಡ ನೀರು ಹೊಯ್ಯಬೇಕು.