ಕಲ್ಲಿನಲ್ಲಿ ಚಿನ್ನವೆಷ್ಟು? ನೀರು ಹೇಳುವ ಲೆಕ್ಕ

ದಾವಣಗೆರೆ: ತುಂಗಭದ್ರಾ ನದಿಯು ಹರಿಹರವನ್ನು ತಲುಪುವ ಮುನ್ನ ಹೊನ್ನಾಳಿಯನ್ನು ಹಾದು ಬರುತ್ತದೆ. ಊರಿನ ಹೆಸರಿನಲ್ಲಿಯೇ ಹೊನ್ನಿದೆ. ಈ ಭಾಗದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿರುವುದು ಮೈಸೂರು ಸಂಸ್ಥಾನದ ಕಾಲದಿಂದಲೂ ಭೂವಿಜ್ಞಾನಿಗಳಿಗೆ ತಿಳಿದಿರುವ ಸಂಗತಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗದಿಂದ ಇಲ್ಲಿಗೆ ಸೇರಿತು. ಹೊಳೆಯುವ ಕಣಗಳುಳ್ಳ ಬೆಣಚುಕಲ್ಲು ಕೈಗೆ ಸಿಕ್ಕರೆ ಅದರಲ್ಲಿ ಚಿನ್ನವೆಷ್ಟಿದೆ ಎಂಬ ಕುತೂಹಲ ದಾವಣಗೆರೆ, ಹರಿಹರದವರಿಗೆ ಸಹಜ. ಕಲ್ಲನ್ನು ಒಡೆಯದೆಯೇ ಇದನ್ನು ಅಂದಾಜು ಮಾಡುವ ಹಳೆಯ ವಿಧಾನವೊಂದಿದೆ. ಅದೇ ವಿಶಿಷ್ಟ ಗುರುತ್ವದ ಲೆಕ್ಕ.

ಲೆಕ್ಕ ಹೇಗೆ?

ಒಂದು ವಸ್ತುವು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದೇ ಅದರ ವಿಶಿಷ್ಟ ಗುರುತ್ವ. ಬೆಣಚುಕಲ್ಲಿನದು 2.65, ಅಪ್ಪಟ ಚಿನ್ನದ್ದು 19.3. ಈ ಭಾರಿ ಅಂತರವೇ ಲೆಕ್ಕಕ್ಕೆ ಆಧಾರ.

ಮೊದಲು ಒಣಗಿದ ಕಲ್ಲನ್ನು ತೂಗಬೇಕು. ನಂತರ ನೀರು ತುಂಬಿದ ಪಾತ್ರೆಯನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ತೆಳುವಾದ ದಾರದಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ಅದು ಪಾತ್ರೆಯ ತಳಕ್ಕೆ, ಅಂಚಿಗೆ ತಗುಲಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ, ಕಲ್ಲಿನ ಗಾತ್ರವನ್ನು ಮಿಲಿಲೀಟರ್‌ನಲ್ಲಿ ತಿಳಿಸುತ್ತದೆ.

ಗಾತ್ರವನ್ನು 2.65ರಿಂದ ಗುಣಿಸಿ, ಬಂದದ್ದನ್ನು ತೂಕದಿಂದ ಕಳೆದು, ಉಳಿದದ್ದನ್ನು 1.16ರಿಂದ ಗುಣಿಸಿದರೆ ಚಿನ್ನದ ಅಂದಾಜು ತೂಕ ಸಿಗುತ್ತದೆ. ಉದಾಹರಣೆಗೆ, 100 ಗ್ರಾಂ ಕಲ್ಲಿನ ಗಾತ್ರ 35 ಮಿಲಿಲೀಟರ್ ಆಗಿದ್ದರೆ ಅದರಲ್ಲಿ ಸುಮಾರು 8.4 ಗ್ರಾಂ ಚಿನ್ನವಿರಬೇಕು.

ಎಡವುವುದು ಎಲ್ಲಿ?

ಕಲ್ಲಿನಲ್ಲಿ ಬೆಣಚು ಮತ್ತು ಚಿನ್ನ ಮಾತ್ರ ಇದ್ದರೆ ಈ ಲೆಕ್ಕ ಸರಿ. ಆದರೆ ಚಿನ್ನದಂತೆಯೇ ಹೊಳೆಯುವ, ಕಬ್ಬಿಣ ಮತ್ತು ಗಂಧಕದ ಸಂಯುಕ್ತವಾದ ಪೈರೈಟ್ ಖನಿಜದ ವಿಶಿಷ್ಟ ಗುರುತ್ವವೂ 5ರಷ್ಟಿದೆ. ಮೇಲಿನ ಕಲ್ಲಿನಲ್ಲಿ ಚಿನ್ನವೇ ಇಲ್ಲದೆ ಸುಮಾರು 15 ಗ್ರಾಂ ಪೈರೈಟ್ ಇದ್ದರೂ ತಕ್ಕಡಿ ಅದೇ ಅಂಕಿಗಳನ್ನು ತೋರಿಸುತ್ತದೆ. ಕಲ್ಲು ಭಾರವಾಗಿದೆ ಎಂಬುದಷ್ಟೇ ತೂಕದಿಂದ ತಿಳಿಯುತ್ತದೆ. ಭಾರ ಯಾವುದರದ್ದು ಎಂಬುದು ತಿಳಿಯುವುದಿಲ್ಲ. ‘ಚಿನ್ನದ ಕಲ್ಲು’ ಎಂಬ ಮಾತನ್ನು ನಂಬಿ ಹಣ ತೆರುವವರು ಇದನ್ನು ಮರೆಯಬಾರದು.

ಅಳತೆಯಲ್ಲಿನ ಸಣ್ಣ ತಪ್ಪೂ ದುಬಾರಿಯಾದೀತು. ಗಾತ್ರದಲ್ಲಿ ಅರ್ಧ ಮಿಲಿಲೀಟರ್ ವ್ಯತ್ಯಾಸವಾದರೆ ಚಿನ್ನದ ಅಂದಾಜು ಒಂದೂವರೆ ಗ್ರಾಂ ಏರುಪೇರಾಗುತ್ತದೆ. ಬಿರುಕುಗಳಲ್ಲಿ ಗಾಳಿ ಗುಳ್ಳೆಗಳು ಉಳಿದರೆ ಚಿನ್ನ ಕಡಿಮೆಯೆಂದು ತೋರುತ್ತದೆ.

ಗಣಿಯ ಸಾಮಾನ್ಯ ಅದಿರಿಗಂತೂ ಈ ವಿಧಾನ ಸಲ್ಲದು. ಟನ್ನಿಗೆ 5 ಗ್ರಾಂ ಚಿನ್ನವಿದ್ದರೆ ಒಂದು ಕಿಲೋ ಕಲ್ಲಿನಲ್ಲಿರುವುದು 5 ಮಿಲಿಗ್ರಾಂ ಮಾತ್ರ. ಅದನ್ನು ನೀರಿನ ತೂಕದಿಂದ ಗುರುತಿಸಲಾಗದು. ಅದಿರನ್ನು ಪುಡಿಮಾಡಿ, ಸೀಸದೊಂದಿಗೆ ಕುಲುಮೆಯಲ್ಲಿ ಕರಗಿಸಿ ಚಿನ್ನವನ್ನು ಬೇರ್ಪಡಿಸಿ ತೂಗುವ ‘ಫೈರ್ ಅಸ್ಸೇ’ ಪರೀಕ್ಷೆಯೇ ಅದಕ್ಕೆ ಮಾರ್ಗ. ಕಣ್ಣಿಗೆ ಕಾಣುವಷ್ಟು ಚಿನ್ನವಿರುವ ಮಾದರಿ ಕಲ್ಲನ್ನು ಹಾಳುಮಾಡದೆ ಅಂದಾಜಿಸಲು ಮಾತ್ರ ನೀರಿನ ಲೆಕ್ಕ ನೆರವಾಗುತ್ತದೆ.